ಕಾಫಿ ಯಂತ್ರದ ಸುಣ್ಣವೂ ಗೃಹಿಣಿಯ ನಾಲಗೆಯೂ

ಮೂವತ್ತೈದು ವರ್ಷ ಹುಡುಗರ ತಪ್ಪುಗಳನ್ನು ತಿದ್ದುತ್ತ ಬಂದವನಿಗೆ ತನ್ನ ತಪ್ಪು ಬೇಗನೆ ಕಾಣುವದಿಲ್ಲ. ಕಂಡರೂ ಅದನ್ನು ಒಪ್ಪಿಕೊಳ್ಳುವದಕ್ಕೆ ಮನಸ್ಸು ಹಿಂಜರಿಯುವದು. ನಾನು ಇಲ್ಲಿ ಬರೆಯ ಹೊರಟಿರುವದು ಮನೆಯ ಕಾಫಿ ಯಂತ್ರದೊಳಗೆ ಕಟ್ಟಿದ ಸುಣ್ಣವನ್ನು ಅಲ್ಪ ವೆಚ್ಚದಲ್ಲಿ, ಯಾರಿಗೂ ಅಪಾಯವಾಗದಂತೆ ತೆಗೆಯುವ ವಿಧಾನವನ್ನು. ಆದರೆ ಆ ವಿಧಾನವು ನನಗೆ ತಿಳಿದದ್ದು ಒಂದು ತಪ್ಪಿನ ಮೂಲಕವಾದ್ದರಿಂದ, ಮೊದಲು ಆ ತಪ್ಪನ್ನೇ ವಾಚಕರ ಮುಂದಿಡುವದು ನ್ಯಾಯವು.

ನಮ್ಮ ಮನೆ ಯಲ್ಲಾಪುರದ ಪೇಟೆಗೆ ತುಸು ದೂರದಲ್ಲಿ, ಅಡಿಕೆ ತೋಟದ ಅಂಚಿನಲ್ಲಿದೆ. ಈ ಸೀಮೆಯ ಹಳೆಯ ಮನೆಗಳಲ್ಲಿ ಕಾಫಿಗಿಂತ ಜೀರಿಗೆ-ಕೊತ್ತುಂಬರಿಯ ಕಷಾಯಕ್ಕೆ ಮರ್ಯಾದೆ ಹೆಚ್ಚು. ನನ್ನ ಗೃಹಿಣಿಯ ತೌರು ಮಾತ್ರ ಕೊಪ್ಪದ ಕಡೆಯದು. ಹಿತ್ತಲಲ್ಲಿಯೇ ಕಾಫಿ ಗಿಡಗಳನ್ನು ಕಂಡು ಬೆಳೆದವಳು. ಬೆಳಗಿನ ಒಂದು ಲೋಟ ಕಾಫಿಯು ಆಕೆಯ ದಿನದ ಒಂದೇ ಭೋಗ. ಅದನ್ನು ಹಿಡಿದು ಆಕೆ ಜಗಲಿಯ ಮೇಲೆ ಕುಳಿತುಕೊಳ್ಳುವ ಕಾಲು ಗಂಟೆಯಲ್ಲಿಯೇ ನಮ್ಮ ಸಂಸಾರದ ಸುಖದುಃಖದ ಮಾತುಗಳೆಲ್ಲ ಆಗುತ್ತಿದ್ದವು.

ನಮ್ಮ ಮಗಳು ಬೆಂಗಳೂರಿನಲ್ಲಿ ಸಂಸಾರ ಹೂಡಿದ್ದಾಳೆ. ಆಕೆಯು ಮೂರು ವರ್ಷ ಬಳಸಿದ ಒಂದು ವಿದ್ಯುತ್ತಿನ ಕಾಫಿ ಯಂತ್ರವನ್ನು ೨೦೨೨ರ ದೀಪಾವಳಿಗೆ ಬಂದಾಗ ತಾಯಿಗೆ ಕೊಟ್ಟುಹೋದಳು. ಹಿಂಬದಿಯಲ್ಲಿ ನೀರಿನ ತೊಟ್ಟಿ, ಅಡಿಯಲ್ಲಿ ನೀರು ಕಾಯುವ ಕಿರಿದಾದ ಕೊಳವೆ, ಮೇಲೆ ಪುಡಿಯ ಬುಟ್ಟಿ, ಕೆಳಗೆ ಗಾಜಿನ ಪಾತ್ರೆ: ಇಷ್ಟೇ ಅದರ ರಚನೆ. ಕಾದ ನೀರು ಕೊಳವೆಯಲ್ಲಿ ಮೇಲೇರಿ, ಪುಡಿಯ ಮೇಲೆ ಹನಿಯಾಗಿ ಬಿದ್ದು, ಕಷಾಯವಾಗಿ ಇಳಿಯುವದು. ನಮ್ಮ ಹಿಂದಿನ ಫಿಲ್ಟರಿಗೆ ಈ ಲೇಖನದ ರೋಗವು ತಗಲುವದು ಅಪರೂಪ. ಏಕೆಂದರೆ ಅಲ್ಲಿ ನೀರು ಕುದಿಯುವದು ಬೇರೆ ಪಾತ್ರೆಯಲ್ಲಿ. ಯಂತ್ರದಲ್ಲಿಯಾದರೋ ನೀರು ಅದರ ಹೊಟ್ಟೆಯೊಳಗೇ ಕಾಯಬೇಕು. ಅಲ್ಲಿಗೆ ನಮ್ಮ ಕಣ್ಣೂ ಹೋಗದು, ಕೈಯೂ ಹೋಗದು.

೨೦೨೩ರಲ್ಲಿ ಮಳೆ ಕೈಕೊಟ್ಟಿತು. ಮರುವರ್ಷದ ಬೇಸಗೆಯಲ್ಲಿ ನಮ್ಮ ಬಾವಿಯ ತಳ ಕಂಡಿತು. ಮೂರು ತಿಂಗಳು ನೆರೆಮನೆಯವರ ಕೊಳವೆಬಾವಿಯ ನೀರನ್ನೇ ಅಡಿಗೆಗೂ ಕುಡಿಯುವದಕ್ಕೂ ತಂದುಕೊಂಡೆವು. ಮಳೆಗಾಲ ಹಿಡಿದು ಬಾವಿಗೆ ನೀರು ಬಂದ ಮೇಲೆ, ಜೂನ್ ತಿಂಗಳ ಕೊನೆಯ ಒಂದು ಬೆಳಿಗ್ಗೆ, ಗೃಹಿಣಿಯು ಲೋಟವನ್ನು ಕೆಳಗಿಟ್ಟು, “ಕಾಫಿ ಮೊದಲಿನ ಹಾಗಿಲ್ಲ, ಚಪ್ಪೆಯಾಗಿದೆ” ಅಂದಳು. ಪುಡಿಯೂ ಅದೇ, ಹಾಲೂ ಅದೇ, ನೀರೂ ನಮ್ಮ ಬಾವಿಯದೇ. ನಾನು ಯೋಚಿಸದೆ, “ಅರುವತ್ತು ಸಮೀಪಿಸಿದ ಮೇಲೆ ನಾಲಗೆಯ ಶಕ್ತಿ ಕುಂದುವದು ಸಹಜವಷ್ಟೆ” ಎಂದು ತೀರ್ಪು ಕೊಟ್ಟೆನು. ಆಕೆ ಮತ್ತೆರಡು ಸಲ ಅದೇ ಮಾತನ್ನು ಹೇಳಿದಳು. ನಾನು ಅದೇ ತೀರ್ಪನ್ನು ಓದಿದೆನು. ನಾಲ್ಕನೆಯ ಸಲ ಆಕೆ ಹೇಳಲಿಲ್ಲ; ಕಾಫಿಯನ್ನೇ ಬಿಟ್ಟು ಕಷಾಯ ಕುಡಿಯತೊಡಗಿದಳು. ಕಷಾಯಕ್ಕಾಗಿ ಯಾರೂ ಜಗಲಿಯ ಮೇಲೆ ಕೂಡುವದಿಲ್ಲ. ಒಲೆಯ ಮುಂದೆಯೇ ಕುಡಿದು ಆಕೆ ಕೆಲಸಕ್ಕೆ ಹೋಗುತ್ತಿದ್ದಳು. ವಾದದಲ್ಲಿ ನಾನು ಗೆದ್ದಂತಾಯಿತು. ಜಗಲಿಯ ಮೇಲೆ ಮಾತ್ರ ನಾನೊಬ್ಬನೇ ಉಳಿದೆನು.

ಹತ್ತು-ಹನ್ನೆರಡು ದಿನ ನನ್ನ ಕಾಫಿಯನ್ನು ನಾನೇ ಮಾಡಿಕೊಳ್ಳಬೇಕಾಯಿತು. ಯಂತ್ರದ ಮುಂದೆ ನಿಂತವನಿಗೆ ಆಗ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದವು. ಮೊದಲು ಏಳು ನಿಮಿಷಗಳಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಹದಿನಾಲ್ಕು ನಿಮಿಷಗಳು ಹಿಡಿಯುತ್ತಿದ್ದವು. ಯಂತ್ರವು ಉಬ್ಬಸದ ರೋಗಿಯಂತೆ ಗೊರಗುಟ್ಟುತ್ತಿತ್ತು. ನೀರಿಗಿಂತ ಉಗಿಯೇ ಹೆಚ್ಚಾಗಿ ಹೊರಬರುತ್ತಿತ್ತು. ಇಳಿದ ಕಷಾಯವು ಬೆಚ್ಚಗಿತ್ತೇ ಹೊರತು ಬಿಸಿಯಾಗಿರಲಿಲ್ಲ. ತೊಟ್ಟಿಯೊಳಗೆ ಬ್ಯಾಟರಿಯ ದೀಪ ಹಿಡಿದು ನೋಡಿದರೆ, ಕೊಳವೆಯ ಬಾಯಿಯ ಸುತ್ತಲೂ ಹುಣ್ಣಿನ ಮೇಲಿನ ಹಕ್ಕಳೆಯಂತೆ ಬಿಳಿಯ ಪದರು ಕಟ್ಟಿತ್ತು. ಅದರ ಒಂದು ಚೂರನ್ನು ತಟ್ಟೆಯಲ್ಲಿಟ್ಟು ನಿಂಬೆಯ ರಸವನ್ನು ಹಿಂಡಿದೆನು. ಚುರುಚುರು ಎಂದು ಗುಳ್ಳೆಗಳೆದ್ದವು. ಆ ಗುಳ್ಳೆಗಳಲ್ಲಿ ನನ್ನ ತೀರ್ಪೂ ಕರಗಿಹೋಯಿತು.

ಇದರ ಕಾರಣವನ್ನು ಸಂಕ್ಷೇಪವಾಗಿ ಹೇಳುವೆನು. ಮಳೆಯ ನೀರು ನೆಲಕ್ಕಿಳಿಯುವಾಗ ಇಂಗಾಲಾಮ್ಲವಾಯುವನ್ನು, ಅಂದರೆ ಸೋಡಾ ನೀರಿನಲ್ಲಿ ಗುಳ್ಳೆಯಾಗಿ ಏಳುವ ಅದೇ ವಾಯುವನ್ನು, ತನ್ನೊಳಗೆ ಸೇರಿಸಿಕೊಳ್ಳುವದು. ಅದರ ಬಲದಿಂದ ಕಲ್ಲಿನೊಳಗಿನ ಸುಣ್ಣದ ಅಂಶವು ನೀರಿನಲ್ಲಿ ಕರಗುವದು. ನಮ್ಮ ಚಿರೆಕಲ್ಲಿನ ನೆಲದ ತೆರೆದ ಬಾವಿಗಳಲ್ಲಿ ಇಂಥ ಅಂಶವು ಸಾಮಾನ್ಯವಾಗಿ ಕಡಿಮೆ. ಸಾಬೂನು ಹಚ್ಚಿದ ಕೂಡಲೆ ನೊರೆಯೇಳುವದೇ ಅದಕ್ಕೆ ಸಾಕ್ಷಿ. ಆಳದ ಬಂಡೆಗಳ ಸಂದಿಯಲ್ಲಿ ಬಹುಕಾಲ ನಿಂತ ಕೊಳವೆಬಾವಿಯ ನೀರಿನಲ್ಲಿ ಅದು ಅನೇಕ ವೇಳೆ ಹೆಚ್ಚು. ಆ ನೀರನ್ನು ಗಡಸು ನೀರೆನ್ನುವರು. ಗಡಸು ನೀರು ಕಾದೊಡನೆ ವಾಯುವು ಹಾರಿಹೋಗುವದು. ವಾಯುವಿನ ಆಸರೆ ತಪ್ಪಿದ ಸುಣ್ಣವು ಕಲ್ಲಾಗಿ ಪಾತ್ರೆಗೆ ಅಂಟಿಕೊಳ್ಳುವದು.

ದಾಂಡೇಲಿಯ ಸಮೀಪದ ಅರಣ್ಯದಲ್ಲಿರುವ ಕವಳೆಯ ಗುಹೆಯನ್ನು ನಮ್ಮ ಕಡೆಯವರು ಅನೇಕರು ನೋಡಿರಬಹುದು. ಅಲ್ಲಿ ಗುಹೆಯ ಮೇಲ್ಭಾಗದಿಂದ ಹನಿಹನಿಯಾಗಿ ಬಿದ್ದ ನೀರಿನ ಸುಣ್ಣವು ಎಷ್ಟೋ ಕಾಲದಿಂದ ಘನೀಭವಿಸಿ ಲಿಂಗಾಕಾರವನ್ನು ತಾಳಿದೆ. ಅಲ್ಲಿ ನಾವು ಕೈಮುಗಿಯುವೆವು. ವಾಯುವನ್ನು ಕಳೆದುಕೊಂಡ ನೀರು ಸುಣ್ಣವನ್ನು ಬಿಟ್ಟುಹೋಗುವ ಅದೇ ವ್ಯಾಪಾರವೇ ಕಾಫಿ ಯಂತ್ರದ ಕೊಳವೆಯಲ್ಲಿಯೂ ನಡೆಯುವದು. ಶಾಖದಿಂದಾಗಿ ಯುಗಗಳ ಕೆಲಸ ತಿಂಗಳುಗಳಲ್ಲಿ ಮುಗಿಯುವದಷ್ಟೇ ಭೇದ.

ಈ ಪದರು ನೀರಿನ ದಾರಿಯನ್ನು ಕಿರಿದುಮಾಡುವದಲ್ಲದೆ, ಕಾಯುವ ಲೋಹಕ್ಕೂ ನೀರಿಗೂ ನಡುವೆ ಕಂಬಳಿಯಂತೆ ನಿಂತು ಶಾಖವನ್ನು ತಡೆಯುವದು. ಕಾಫಿಯ ಸಾರವು ಚೆನ್ನಾಗಿ ಇಳಿಯಬೇಕಾದರೆ ನೀರು ಸುಮಾರು ೯೦ರಿಂದ ೯೬ ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಿರಬೇಕು. ಅಷ್ಟು ಬಿಸಿಯಿಲ್ಲದೆ ಇಳಿದ ಕಷಾಯವು ಚಪ್ಪೆಯಾಗದೆ ಮತ್ತೇನಾದೀತು? ಮಗಳ ಮನೆಯಲ್ಲಿ ಮೂರು ವರ್ಷ ಕೊಳವೆಬಾವಿಯ ನೀರು, ನಮ್ಮಲ್ಲಿ ಒಂದು ಬೇಸಗೆಯ ಅದೇ ಜಾತಿಯ ನೀರು. ಎರಡೂ ಸೇರಿ ಯಂತ್ರದ ಉಸಿರು ಕಟ್ಟಿತ್ತು. ಇದನ್ನು ಗಡಿಯಾರವಿಲ್ಲದೆ, ದೀಪವಿಲ್ಲದೆ, ಮೊದಲ ಗುಟುಕಿನಲ್ಲಿಯೇ ಕಂಡುಹಿಡಿದದ್ದು ಗೃಹಿಣಿಯ ನಾಲಗೆ.

ತಪ್ಪು ತಿಳಿದವನು ನೇರವಾಗಿ ಹೋಗಿ ಒಪ್ಪಿಕೊಳ್ಳಬೇಕಾಗಿತ್ತು. ನಾನು ಹಾಗೆ ಮಾಡದೆ, ಯಂತ್ರವನ್ನು ಗುಟ್ಟಾಗಿ ಸರಿಪಡಿಸಿ ಆಕೆಯನ್ನು ಬೆರಗುಗೊಳಿಸಬೇಕೆಂದು ಪೇಟೆಗೆ ಹೊರಟೆನು. ಅಂಗಡಿಯವನೊಬ್ಬನು ಬಚ್ಚಲು ತೊಳೆಯುವ ಆಸಿಡ್ಡಿನ ಸೀಸೆಯನ್ನು ಮುಂದಿಟ್ಟು, “ಎಂಥ ಸುಣ್ಣವಾದರೂ ಎರಡು ನಿಮಿಷದಲ್ಲಿ ಹಾರುವದು” ಎಂದನು. ಬೆಲೆಯೂ ಕಡಿಮೆ. ತಂದೆನು. ಅಡಿಗೆಮನೆಯ ಬಾಗಿಲಲ್ಲಿ ಗೃಹಿಣಿಯು ನನ್ನ ಕೈಯ ಸೀಸೆಯನ್ನು ನೋಡಿ, “ಬಚ್ಚಲಿಗೆ ಹಾಕುವದನ್ನು ಬಾಯಿಗೆ ಹೋಗುವದರೊಳಗೆ ಹಾಕುತ್ತೀರಾ?” ಎಂದು ಕೇಳಿದಳು. ನಾನು ಉತ್ತರಿಸಲಾರದೆ ನಿಂತೆನು.

ಆಕೆಯ ಆ ಒಂದು ಮಾತು ನಮ್ಮನ್ನು ಕಾಪಾಡಿತು. ಆ ಸೀಸೆಯಲ್ಲಿದ್ದದ್ದು ಹೈಡ್ರೋಕ್ಲೋರಿಕ್ ಆಮ್ಲ. ಅದು ಸುಣ್ಣವನ್ನು ಕರಗಿಸುವದು ನಿಜ. ಆದರೆ ಅಲ್ಯೂಮಿನಿಯಮ್ಮನ್ನೂ ತಿನ್ನುವದು, ಉಕ್ಕನ್ನೂ ಕೆಡಿಸುವದು. ಅದರ ಹೊಗೆ ಕಣ್ಣಿಗೂ ಪುಪ್ಪುಸಕ್ಕೂ ಹಾನಿಕರ. ಕಾಯುವ ಕೊಳವೆಯೊಳಗಿನಿಂದ ಬಿಸಿಯಾಗಿ ಚಿಮ್ಮಿದರೆ ಗತಿಯೇನು? ಬ್ಲೀಚಿಂಗ್ ಪುಡಿಯೊಡನೆ ಅದು ಕೂಡಿದರೆ ಕ್ಲೋರಿನ್ ಎಂಬ ವಿಷವಾಯು ಹುಟ್ಟುವದು. ಆದ್ದರಿಂದ ಆಹಾರದ ಪಾತ್ರೆಗೆ ಬಚ್ಚಲಿನ ಆಸಿಡ್ಡು ಎಂದಿಗೂ ಕೂಡದು. ಎಷ್ಟು ಕಡಿಮೆ ಬೆಲೆಗೆ ದೊರೆತರೂ ಅದು ಅಗ್ಗವಲ್ಲ.

ಸೀಸೆಯನ್ನು ಹೊರಗಿಟ್ಟು ಬಂದು ನಾನು ನಡೆದದ್ದನ್ನೆಲ್ಲ ಹೇಳಿದೆನು. ಬಿಳಿಯ ಹಕ್ಕಳೆಯನ್ನೂ ತೋರಿಸಿದೆನು. ಆಕೆ ಅದನ್ನು ಬೆರಳಿನಿಂದ ಉಜ್ಜಿ ನೋಡಿ, “ನಮ್ಮ ಬಚ್ಚಲುಮನೆಯ ಹಂಡೆಯೊಳಗೂ ಇಂಥದೇ ಕಟ್ಟುತ್ತಿತ್ತು. ನಾನು ಹುಳಿ ಹಾಕಿ ನೆನೆಸಿ ತೊಳೆಯುತ್ತಿದ್ದೆ. ನೀವು ಎಂದಾದರೂ ನೋಡಿದ್ದೀರಾ?” ಅಂದಳು. ನಾನು ನೋಡಿರಲಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕ್ಷಾರಪಾಕವಿಧಿ ಎಂಬ ಅಧ್ಯಾಯವಿದೆ. ಕ್ಷಾರದಿಂದಾದ ಸುಡುಗಾಯವನ್ನು ಅಮ್ಲದಿಂದ ಶಮನಗೊಳಿಸಬೇಕೆಂದೂ, ಅಮ್ಲದೊಡನೆ ಸೇರಿದ ಕ್ಷಾರವು ತೀಕ್ಷ್ಣತೆಯನ್ನು ತೊರೆಯುವದೆಂದೂ ಅಲ್ಲಿ ಹೇಳಿದೆ. ಅದನ್ನು ಓದಿ ನಾನು ಎಷ್ಟೋ ಸಲ ತಲೆದೂಗಿದ್ದೆನು. ಅದೇ ತತ್ತ್ವವು ನನ್ನ ಮನೆಯ ಬಚ್ಚಲಿನಲ್ಲಿ ಪ್ರತಿ ತಿಂಗಳು ನಡೆಯುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ.

ಹಾಗಾದರೆ ಯಾವ ಹುಳಿ? ಇಬ್ಬರೂ ಕೂಡಿ ವಿಚಾರಿಸಿದೆವು. ಹುಣಸೆಯೆಂದು ನಾನು ಹೇಳಿದೆನು. “ಹಂಡೆಯೊಳಗೆ ಕೈ ಹೋಗುತ್ತದೆ, ತಿಕ್ಕಬಹುದು, ಇದರೊಳಗೆ ಹುಣಸೆಯ ನಾರು ಸಿಕ್ಕಿಕೊಂಡರೆ ತೆಗೆಯುವವರಾರು?” ಎಂದು ಆಕೆ ಕೇಳಿದಳು. ಮುರುಗಲು, ಉಪ್ಪಾಗೆಗಳಿಗೂ ಇದೇ ಆಕ್ಷೇಪ. ಮೇಲಾಗಿ ಬಣ್ಣದ ತೊಂದರೆ. ನಿಂಬೆಯ ರಸವು ಗುಣದಲ್ಲಿ ಉತ್ತಮ. ಆದರೆ ಒಂದು ಸಲದ ಕೆಲಸಕ್ಕೆ ಹತ್ತು-ಹದಿನೈದು ಹಣ್ಣುಗಳು ಬೇಕು, ತಿರುಳನ್ನು ಎಷ್ಟು ಸೋಸಿದರೂ ಸ್ವಲ್ಪ ಉಳಿಯುವದು. ವಿನಿಗರ್ ಕೂಡ ಕೆಲಸ ಮಾಡುವದು. ಆದರೆ ಅದರ ವಾಸನೆ ಬೇಗ ಹೋಗದು, ಮತ್ತು ಯಂತ್ರದ ರಬ್ಬರಿಗೆ ಒಳ್ಳೆಯದಲ್ಲವೆಂದು ಕೆಲವು ತಯಾರಕರು ಅದನ್ನು ನಿಷೇಧಿಸುವರು.

ಕೊನೆಗೆ ನಿಂತದ್ದು ಸಿಟ್ರಿಕ್ ಆಮ್ಲ. ನಿಂಬೆಯ ಹುಳಿಗೆ ಮೂಲವಾದ ಈ ಹರಳನ್ನು ಸ್ವೀಡನ್ ದೇಶದ ಶೀಲೆ ಎಂಬ ರಸಾಯನಶಾಸ್ತ್ರಜ್ಞನು ೧೭೮೪ರಲ್ಲಿ ನಿಂಬೆಯ ರಸದಿಂದ ಮೊದಲು ಬೇರ್ಪಡಿಸಿದನು. ಈಗ ಅದನ್ನು ಹಣ್ಣಿನಿಂದಲ್ಲದೆ, ಸಕ್ಕರೆಯ ದ್ರವದಲ್ಲಿ ಒಂದು ಬಗೆಯ ಬೂಷ್ಟನ್ನು ಬೆಳೆಸಿ ತಯಾರಿಸುವದರಿಂದ ಬೆಲೆ ಅಲ್ಪ. ಷರಬತ್ತಿಗೂ ಹಣ್ಣಿನ ಪಾಕಕ್ಕೂ ಹಾಕುವ ವಸ್ತುವಾದ್ದರಿಂದ ಕಿರಾಣಿ ಅಂಗಡಿಯಲ್ಲಿಯೇ ಸಿಕ್ಕುವದು. ನಿಂಬೆ ಉಪ್ಪು ಎಂದು ಕೇಳಿದರೂ ಕೊಡುವರು. ನಾನು ೧೦೦ ಗ್ರಾಮಿನ ಪೊಟ್ಟಣಕ್ಕೆ ೫೦ ರೂಪಾಯಿ ಕೊಟ್ಟೆನು. ಅದು ನಾಲ್ಕು ಸಲಕ್ಕೆ ಸಾಕು.

ಇನ್ನು ವಿಧಾನ. ಮೊದಲು ಯಂತ್ರದ ಜೊತೆಗೆ ಬಂದ ಪುಸ್ತಿಕೆಯನ್ನು ಓದತಕ್ಕದ್ದು. ಅದರಲ್ಲಿ ಬೇರೆ ಕ್ರಮವನ್ನು ವಿಧಿಸಿದ್ದರೆ ಅದನ್ನೇ ಅನುಸರಿಸತಕ್ಕದ್ದು. ಪಂಪು ಮತ್ತು ಮುಚ್ಚಿದ ಬಾಯ್ಲರುಗಳುಳ್ಳ ದೊಡ್ಡ ಯಂತ್ರಗಳ ವಿಷಯದಲ್ಲಿ ಇದು ವಿಶೇಷವಾಗಿ ಅವಶ್ಯ. ಅನಂತರ ವಿದ್ಯುತ್ತಿನ ತಂತಿಯನ್ನು ಕಿತ್ತು, ಯಂತ್ರವು ಪೂರ್ಣ ತಣ್ಣಗಾದ ಮೇಲೆ ಪುಡಿಯನ್ನೂ ಕಾಗದದ ಸೋಸುಕವನ್ನೂ ತೆಗೆಯಬೇಕು. ಸಡಿಲಾದ ಹಕ್ಕಳೆಗಳನ್ನು ಮೆತ್ತನೆಯ ಬಟ್ಟೆಯಿಂದ ಎತ್ತಿಬಿಡಬೇಕು, ಚಾಕುವಿನಿಂದ ಕೆರೆಯಬಾರದು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ೨೫ ಗ್ರಾಂ, ಅಂದರೆ ಸುಮಾರು ಎರಡು ದೊಡ್ಡ ಚಮಚ ತಲೆತಟ್ಟಿದಷ್ಟು, ಹರಳನ್ನು ಬೇರೆ ಗಾಜಿನ ಅಥವಾ ಉಕ್ಕಿನ ಪಾತ್ರೆಯಲ್ಲಿ ಪೂರ್ತಿ ಕರಗಿಸಬೇಕು. ಇದಕ್ಕಿಂತ ಹೆಚ್ಚು ಹಾಕಿದರೆ ಬೇಗ ಆಗುವದೆಂಬ ಆಸೆ ಬೇಡ. ಸುಣ್ಣವೂ ಈ ಆಮ್ಲವೂ ಸೇರಿ ಆಗುವ ಲವಣವು ತಣ್ಣೀರಿನಲ್ಲಿ ಕರಗುವಷ್ಟು ಬಿಸಿನೀರಿನಲ್ಲಿ ಕರಗದು. ಗಟ್ಟಿಯಾದ ದ್ರಾವಣವನ್ನು ಬಹಳ ಕಾಯಿಸಿದರೆ ಒಂದು ಕಲ್ಲನ್ನು ಕರಗಿಸಿ ಇನ್ನೊಂದನ್ನು ಕೂಡಿಸಿದಂತಾಗುವದು.

ದ್ರಾವಣವನ್ನು ತೊಟ್ಟಿಗೆ ಹಾಕಿ, ಯಂತ್ರವನ್ನು ನಡೆಯಿಸಿ, ಅರ್ಧದಷ್ಟು ಕೆಳಗಿಳಿದೊಡನೆ ನಿಲ್ಲಿಸಬೇಕು. ಅರ್ಧ ಗಂಟೆ ಹಾಗೆಯೇ ಬಿಡಬೇಕು. ಈ ಅರ್ಧ ಗಂಟೆಯೇ ಇಡೀ ಕೆಲಸದ ಸಾರ. ಸೌಮ್ಯವಾದ ಹುಳಿಗೆ ಬೇಕಾದದ್ದು ಬಲವಲ್ಲ, ಅವಕಾಶ. ರಾತ್ರಿಯೆಲ್ಲ ಬಿಡುವದೂ ಸಲ್ಲದು; ಒಳಗಿನ ಲೋಹ ಅಲ್ಯೂಮಿನಿಯಮ್ಮಾಗಿದ್ದರೆ ಈ ಹುಳಿಯೂ ಅದನ್ನು ಮೆಲ್ಲನೆ ತಿನ್ನುವದು. ಮತ್ತೆ ನಡೆಯಿಸಿ ಉಳಿದದ್ದನ್ನು ಇಳಿಸಿ ಚೆಲ್ಲಬೇಕು. ಇಳಿದದ್ದನ್ನು ತಿರುಗಿ ಬಳಸಬಾರದು. ಬಹಳ ಕಟ್ಟಿದ್ದರೆ ಯಂತ್ರ ತಣಿದ ಮೇಲೆ ಹೊಸ ದ್ರಾವಣದಿಂದ ಇನ್ನೊಂದಾವರ್ತಿ ಮಾಡಬೇಕು. ಕಡೆಯಲ್ಲಿ ಬರಿಯ ನೀರನ್ನು ತೊಟ್ಟಿ ತುಂಬ ಹಾಕಿ ಮೂರು ಸಲ ಇಳಿಸಬೇಕು. ಕೊನೆಯ ನೀರು ಆರಿದ ಮೇಲೆ ಒಂದು ತೊಟ್ಟನ್ನು ನಾಲಗೆಗೆ ಹಚ್ಚಿ, ಹುಳಿ ಉಳಿದಿದ್ದರೆ ನಾಲ್ಕನೆಯ ಸಲ ತೊಳೆಯಬೇಕು.

ಎಚ್ಚರಿಕೆಗಳೂ ಕೆಲವುಂಟು. ಯಂತ್ರವನ್ನು ನೀರಿನಲ್ಲಿ ಮುಳುಗಿಸಬಾರದು. ಬಿಸಿಯಿರುವಾಗ ಬಗ್ಗಿ ನೋಡಬಾರದು. ಉಗಿಯು ಮುಖವನ್ನು ಸುಡುವದು. ಹರಳಿನ ಪುಡಿ ಕಣ್ಣಿಗೆ ಬಿದ್ದರೆ ಧಾರಾಳವಾದ ತಣ್ಣೀರಿನಿಂದ ತೊಳೆಯಬೇಕು. ಸಕ್ಕರೆಯಂತೆಯೇ ಕಾಣುವದರಿಂದ ಪೊಟ್ಟಣದ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಸಾತ್ವಿಕವಾದ ಈ ಆಮ್ಲವೂ ಬ್ಲೀಚಿಂಗ್ ಪುಡಿಯೊಡನೆ ಬೆರೆತರೆ ವಿಷವಾಯುವನ್ನು ಎಬ್ಬಿಸಬಲ್ಲದು. ಎರಡನ್ನೂ ಹತ್ತಿರ ತರಬಾರದು. ಕೆಲಸ ಮಾಡುವ ಜಾಗದ ವಿಷಯ ನನ್ನ ಸ್ವಂತ ಅನುಭವ. ನಮ್ಮ ಅಡಿಗೆಮನೆಯ ಕಟ್ಟೆಗೆ ಕಡಪದ ಕಲ್ಲು ಹಾಸಿದೆ. ಕಡಪದ ಕಲ್ಲೂ ಅಮೃತಶಿಲೆಯೂ ಸುಣ್ಣಕಲ್ಲಿನ ಕುಲದವು. ನಾನು ಚೆಲ್ಲಿದ ನಾಲ್ಕು ಹನಿಗಳನ್ನು ಒರೆಸದೆ ಬಿಟ್ಟದ್ದರಿಂದ ಕರಿಯ ಕಲ್ಲಿನ ಮೇಲೆ ನಾಲ್ಕು ಬಿಳಿಯ ಕಲೆಗಳು ಶಾಶ್ವತವಾಗಿ ಉಳಿದಿವೆ. ವಾಚಕರು ಉಕ್ಕಿನ ತಟ್ಟೆಯೊಂದನ್ನು ಕೆಳಗಿಟ್ಟುಕೊಳ್ಳಲಿ.

ಎರಡು ಆವರ್ತಿಗಳಾದ ಮೇಲೆ ನಮ್ಮ ಯಂತ್ರವು ಎಂಟು ನಿಮಿಷಕ್ಕೆ ಬಂದಿತು, ಗೊರಗುಟ್ಟುವದು ನಿಂತಿತು. ಕೊನೆಯ ನೀರನ್ನು ಪರೀಕ್ಷಿಸುವ ಅಧಿಕಾರವನ್ನು ನಾನು ಗೃಹಿಣಿಗೇ ಒಪ್ಪಿಸಿದೆನು. ನನಗೆ ಮೂರನೆಯ ನೀರಿನಲ್ಲಿ ಯಾವ ರುಚಿಯೂ ತೋರಲಿಲ್ಲ. “ಇನ್ನೂ ಹುಳಿಯಿದೆ” ಎಂದು ಆಕೆ ನಾಲ್ಕನೆಯ ಸಲ ತೊಳೆಯಿಸಿದಳು. ಮಾರನೆಯ ಬೆಳಿಗ್ಗೆ ನಾನೇ ಕಾಫಿ ಮಾಡಿ ಜಗಲಿಗೆ ತಂದುಕೊಟ್ಟೆನು. ಆಕೆ ಒಂದು ಗುಟುಕು ಕುಡಿದು, ಮಳೆಯನ್ನು ನೋಡುತ್ತ ಕುಳಿತು, ಸ್ವಲ್ಪ ಹೊತ್ತಿನ ಮೇಲೆ, “ನನ್ನ ನಾಲಗೆಗೆ ಪುನಃ ಶಕ್ತಿ ಬಂದ ಹಾಗಿದೆ” ಅಂದಳು. ನಾನು ಆಡಿದ್ದ ಮಾತನ್ನು ಹಿಂತೆಗೆದುಕೊಳ್ಳುವದಕ್ಕೆ ಅದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ, ಹಿಂತೆಗೆದುಕೊಂಡೆನು.

ಈ ರೋಗವು ಬಾರದಂತೆ ನೋಡಿಕೊಳ್ಳುವದು ಇನ್ನೂ ಅಗ್ಗ. ತೆರೆದ ಬಾವಿಯ ಮೆದು ನೀರಿದ್ದವರು ಅದನ್ನೇ ಹಾಕಲಿ. ಗಡಸು ನೀರೇ ಗತಿಯಾದವರು ಅದನ್ನು ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ, ಆರಿದ ಮೇಲೆ ತಳದ ಬಿಳಿಯ ಗಸಿಯನ್ನು ಬಿಟ್ಟು ಮೇಲಿನ ತಿಳಿಯನ್ನು ಬಳಸಲಿ. ಸುಣ್ಣದ ಬಹುಭಾಗವು ಆ ಪಾತ್ರೆಯಲ್ಲಿಯೇ ಉಳಿಯುವದು, ಅದನ್ನು ತಿಕ್ಕುವದು ಸುಲಭ. ರಾತ್ರಿ ತೊಟ್ಟಿಯಲ್ಲಿ ನೀರು ನಿಲ್ಲಿಸಬಾರದು. ಗಡಸು ನೀರಿನವರು ಎರಡು-ಮೂರು ತಿಂಗಳಿಗೊಮ್ಮೆ, ಮೆದು ನೀರಿನವರು ವರ್ಷಕ್ಕೆ ಒಂದೆರಡು ಸಲ ಮೇಲಿನ ವಿಧಿಯನ್ನು ಆಚರಿಸಿದರೆ ಸಾಕು. ನೀರು ಕಾಯಿಸುವ ಉಕ್ಕಿನ ವಿದ್ಯುತ್ ಕೆಟಲಿಗೂ ಇದೇ ಮದ್ದು. ತಂತಿಯನ್ನು ಕಿತ್ತು, ದ್ರಾವಣವನ್ನು ಅರ್ಧ ಗಂಟೆ ಇಟ್ಟು ತೊಳೆದರೆ ತಳವು ಬೆಳ್ಳಗೆ ಹೊಳೆಯುವದು.

ಮನೆಯಲ್ಲಿ ಯಾರಾದರೂ, “ಇದು ಮೊದಲಿನ ಹಾಗಿಲ್ಲ” ಎಂದು ಹೇಳಿದರೆ, ವಾಚಕರು ಹೇಳಿದವರ ವಯಸ್ಸನ್ನು ಎಣಿಸುವ ಮೊದಲು ಯಂತ್ರದೊಳಗೆ ಒಮ್ಮೆ ದೀಪ ಹಿಡಿದು ನೋಡಬೇಕೆಂದು ನನ್ನ ವಿಜ್ಞಾಪನೆ. ನಮ್ಮ ಕಟ್ಟೆಯ ಮೇಲಿನ ನಾಲ್ಕು ಬಿಳಿಯ ಕಲೆಗಳನ್ನು ಹೊಳಪು ಕೊಟ್ಟು ತೆಗೆಯಿಸಬಹುದೆಂದು ಕಲ್ಲಿನ ಕೆಲಸದವನು ಹೇಳಿದನು. ಇರಲಿಬಿಡೆಂದೆನು. ಪಾಠ ಹೇಳುವವನ ಮನೆಯಲ್ಲಿ ತನಗಾದ ಪಾಠದ ಗುರುತೊಂದು ಇರುವದು ಒಳ್ಳೆಯದು.